ಮಣ್ಣಿಗೆ ಕೊಟ್ಟ ಎರಡು ಬೆರಳು

ನಾನು ಕುಸುಮಾ, ಕೊಡ್ಲಿಪೇಟೆ ಕಡೆಯ ಆಶಾ ಕಾರ್ಯಕರ್ತೆ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್‌ನಲ್ಲಿ ಹಣ್ಣು ಸಿಕ್ಕಿಕೊಂಡರೆ ಯಂತ್ರ ನಿಲ್ಲಿಸದೆ ಕೈ ಹಾಕುವವರು ನಮ್ಮೂರಲ್ಲಿ ಮನೆಗೊಬ್ಬರಿದ್ದಾರೆ. ಹೇಳಿ ಹೇಳಿ ನನ್ನ ಬಾಯಿ ನೋಯಿತು. ಹೋದ ಜನವರಿಯಲ್ಲಿ ನಮ್ಮೂರ ಹುಡುಗ ಚೇತನ್‌ಕುಮಾರ್ ಹಾಗೇ ಕೈ ಹಾಕಿದ. ಬಲಗೈಯ ತೋರುಬೆರಳು, ನಡುಬೆರಳು ತುಂಡಾಗಿ ಬಿದ್ದವು. ಕೈಯ ಹಿಂಬದಿಯ ಚರ್ಮ ಸುಲಿದು ಮೂಳೆ ಕಾಣುತ್ತಿತ್ತು.

ನಾನು ಓಡಿಹೋಗುವಷ್ಟರಲ್ಲಿ ಯಾರೋ ಗಾಯಕ್ಕೆ ಕಾಫಿಪುಡಿ ಮೆತ್ತಿದ್ದರು. ಶುದ್ಧ ಬಟ್ಟೆ ಒತ್ತಿ ಕಟ್ಟಿ, ಕೈ ಮೇಲೆತ್ತಿ ಹಿಡಿಸಿ, 108 ಆಂಬುಲೆನ್ಸ್‌ನಲ್ಲಿ ಕರೆದುಕೊಂಡು ಹೊರಟೆ. ಆಸ್ಪತ್ರೆಯಲ್ಲಿ ಡಾಕ್ಟರ್ ಭವ್ಯಶ್ರೀ ಮೊದಲು ಕೇಳಿದ್ದು, ಬೆರಳೆಲ್ಲಿ ಎಂದು. ಆ ಗಾಬರಿಯಲ್ಲಿ ನನಗೂ ಅದು ಹೊಳೆದಿರಲಿಲ್ಲ. ಆ ತಪ್ಪು ನನ್ನದೂ ಹೌದು.

ಅವನ ತಾಯಿ ಸುಲೋಚನಮ್ಮನಿಗೆ ಫೋನ್ ಮಾಡಿದೆ. ಅವರಲ್ಲಿ ಸತ್ತವರನ್ನು ಹೂಳುವುದು ಪದ್ಧತಿ. ಮಗನ ಮೈಯ ಚೂರು ನಾಯಿ ಬಾಯಿಗೆ ಬೀಳಬಾರದೆಂದು ಆ ತಾಯಿ ಬೆರಳುಗಳಿಗೆ ವಿಭೂತಿ ಹಚ್ಚಿ, ಬಿಲ್ವಪತ್ರೆ ಇಟ್ಟು, ಹಿತ್ತಿಲ ಹಲಸಿನ ಬುಡದಲ್ಲಿ ಮಣ್ಣು ಮಾಡಿದ್ದರು. ಇನ್ನು ಅಗೆದು ತಂದರೂ ಉಪಯೋಗವಿಲ್ಲ ಎಂದರು ಡಾಕ್ಟರ್.

ಉಳಿದ ಕೈಯನ್ನಾದರೂ ಉಳಿಸಬೇಕಿತ್ತು. ಕಿಬ್ಬೊಟ್ಟೆಯ ಚರ್ಮವನ್ನು ಪೂರ್ತಿ ಕತ್ತರಿಸದೆ, ಒಂದು ತುದಿ ಅಲ್ಲೇ ಇರುವಂತೆ ಬಿಡಿಸಿ, ಇನ್ನೊಂದು ತುದಿಯನ್ನು ಕೈಗೆ ಹೊದಿಸಿ ಹೊಲಿದರು. ಮೂರು ವಾರ ಕೈ ಹೊಟ್ಟೆಗೆ ಅಂಟಿಕೊಂಡೇ ಇರಬೇಕು.

ಮೂರನೆಯ ದಿನ ನಾನು ನೋಡಲು ಹೋದಾಗ ಚೇತನ್ ಮೆಲ್ಲಗೆ ಹೇಳಿದ, “ಕುಸುಮಕ್ಕ, ನಡುಬೆರಳ ತುದೀಲಿ ಇರುವೆ ಕಚ್ತಾವೆ. ಒಸಿ ಕೊಡವಿ.”

ಅಲ್ಲಿ ಬೆರಳೇ ಇರಲಿಲ್ಲ. ಬುದ್ಧಿಯಿಲ್ಲದ ನಾನು ಇದನ್ನು ಅವನ ತಾಯಿಗೆ ಫೋನಿನಲ್ಲಿ ಹೇಳಿಬಿಟ್ಟೆ. ಅವರು ಆಗಲೇ ಗುದ್ದಲಿ ಹಿಡಿದು ಹಲಸಿನ ಬುಡಕ್ಕೆ ಹೋದರಂತೆ. ಮಣ್ಣು ಸರಿಸಿದರೆ ಎರಡು ಬೆರಳಿಗೂ ಕೆಂಪಿರುವೆ ಮುತ್ತಿದ್ದವು.

ಮರುದಿನ ಮೊದಲ ಬಸ್ಸಿಗೆ ಬಂದರು. ಮಣ್ಣಲ್ಲಿರುವ ಬೆರಳು ಮಗನನ್ನು ಕರೆಯುತ್ತಿದೆ, ಇಲ್ಲಿ ಹೊಟ್ಟೆ ಅವನ ಕೈಯನ್ನು ನುಂಗುತ್ತಿದೆ, ಇವತ್ತೇ ಬಿಡಿಸಿ ಕೊಡಿ ಎಂದು ಹಟ ಹಿಡಿದರು. ಈಗ ಬಿಡಿಸಿದರೆ ಹೊದಿಸಿದ ಚರ್ಮ ಸಾಯುತ್ತದೆ, ಕೀವಾಗಿ ಕೈಯನ್ನೇ ಕತ್ತರಿಸಬೇಕಾಗಬಹುದು ಎಂದರು ಡಾಕ್ಟರ್. ಬೆರಳು ಹೋದರೂ ಮಿದುಳು ಅದನ್ನು ಮರೆಯುವುದಿಲ್ಲ, ಬಹಳ ಜನರಿಗೆ ಹೀಗಾಗುತ್ತದೆ, ಔಷಧವಿದೆ ಎಂದೂ ತಿಳಿಸಿದರು. ಇರುವೆ ಯಾವ ಮಣ್ಣಿನಲ್ಲಿಲ್ಲ ಎಂದು ನಾನೂ ಸೇರಿಸಿದೆ. ಮಾತು ಸರಿಯೇ, ಆದರೆ ನನ್ನ ಮೈಯೂ ಜುಮ್ಮೆನ್ನುತ್ತಿತ್ತು.

ಡಾಕ್ಟರ್ ಚೇತನ್‌ಗೆ ಕಣ್ಣು ಮುಚ್ಚಲು ಹೇಳಿದರು. ಸುಲೋಚನಮ್ಮನ ಬೆರಳನ್ನು ಅವನ ಕೈಯ ಹೊಸ ಚರ್ಮದ ಮೇಲೆ ಇಟ್ಟರು.

“ಅವ್ವ, ಹೊಟ್ಟೆ ಯಾಕ್ ಮುಟ್ತೀಯ?” ಎಂದ ಚೇತನ್.

ಸುಲೋಚನಮ್ಮ ಕೈ ಹಿಂದೆ ತೆಗೆಯಲಿಲ್ಲ. ಆ ಚರ್ಮ ಬೆಚ್ಚಗಿತ್ತು. ಅದಕ್ಕೆ ರಕ್ತವೂ ಸ್ಪರ್ಶದ ಅರಿವೂ ಇನ್ನೂ ಹೊಟ್ಟೆಯಿಂದಲೇ ಬರುತ್ತಿದೆ, ಕೈ ತಾನೇ ರಕ್ತ ಕೊಡುವವರೆಗೆ ಇದು ಹೊಕ್ಕುಳಬಳ್ಳಿ ಇದ್ದಂತೆ ಎಂದರು ಡಾಕ್ಟರ್.

ಸುಲೋಚನಮ್ಮ ಆ ಚರ್ಮವನ್ನು ಮೆಲ್ಲಗೆ ಸವರಿದರು. “ನುಂಗ್ತಿಲ್ಲ, ಉಣ್ಣಿಸ್ತಾ ಐತೆ,” ಎಂದರು. “ದಿನ ತುಂಬ್ಲಿ ಬಿಡಿ. ನಾನ್ ಇಲ್ಲೇ ಕುಂತಿರ್ತೀನಿ.”

ಕುಂತೇ ಇದ್ದರು. ಮೂರು ವಾರದ ಮೇಲೆ ಡಾಕ್ಟರ್ ಕೈ ಬಿಡಿಸಿದರು. ತಿಂಗಳುಗಟ್ಟಲೆ ವ್ಯಾಯಾಮ ಮಾಡಿ ಚೇತನ್ ಈಗ ಕತ್ತಿ ಹಿಡಿಯುತ್ತಾನೆ, ಬಲಗೈಯಲ್ಲೇ ಉಣ್ಣುತ್ತಾನೆ. ಆದರೆ ಮೂರು ಬೆರಳಲ್ಲಿ ಒಟ್ಟಿಗೆ ಎಳೆಯುವ ವಿಭೂತಿಯನ್ನು ಉಂಗುರದ ಬೆರಳೊಂದರಲ್ಲೇ ಒಂದೊಂದು ಗೆರೆಯಾಗಿ ಎಳೆಯುತ್ತಾನೆ. ಅದನ್ನು ನೋಡಲಾಗದೆ ತಾಯಿ ಮುಖ ತಿರುಗಿಸುತ್ತಾರೆ. ಮೊನ್ನೆ ಸ್ತ್ರೀಶಕ್ತಿ ಸಂಘದಲ್ಲಿ ಅವರೇ ಎದ್ದು ಹೇಳಿದರು, “ನಾನು ಬೆರಳಿಗೆ ಪೂಜೆ ಮಾಡ್ದೆ. ಐಸ್ ಇಡ್ಬೇಕಿತ್ತು.”

ಅಕ್ಕಂದಿರೇ, ಅಣ್ಣಂದಿರೇ, ಯಂತ್ರ ನಿಲ್ಲಿಸಿಯೇ ಕೈ ಹಾಕಿ. ಗಾಯಕ್ಕೆ ಕಾಫಿಪುಡಿ, ಅರಿಶಿನ ಬೇಡ, ಶುದ್ಧ ಬಟ್ಟೆ ಒತ್ತಿ ಹಿಡಿಯಿರಿ. ತುಂಡಾದ ಬೆರಳನ್ನು ಒದ್ದೆ ಮಾಡಿ ಹಿಂಡಿದ ಶುದ್ಧ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ, ಆ ಕವರನ್ನು ಐಸ್ ಮೇಲಿಡಿ. ಬೆರಳಿಗೆ ಐಸ್ ನೇರವಾಗಿ ತಾಗಬಾರದು. ಗಾಯಾಳುವಿನ ಜೊತೆಗೇ ಕಳಿಸಿ. ಅದು ಕೂಡುತ್ತದೋ ಇಲ್ಲವೋ ಡಾಕ್ಟರ್ ನೋಡಿ ಹೇಳಲಿ. ಕೈಯನ್ನು ಹೊಟ್ಟೆಗೆ ಹೊಲಿದರೆ ಹೆದರಿ ಬಿಡಿಸಿಕೊಂಡು ಬರಬೇಡಿ.

ಒಮ್ಮೊಮ್ಮೆ ಇರುವೆ ಕಚ್ಚಿದಂತಾದಾಗ ಚೇತನ್ ಇಂದಿಗೂ ಹಲಸಿನ ಬುಡದ ಕಡೆ ನೋಡುತ್ತಾನೆ. ನಿಮ್ಮ ಹಿತ್ತಿಲಲ್ಲಿ ಅಂಥ ಜಾಗ ಬೇಡ.