ಅನುಮೋದಕರಿಲ್ಲದ ಹೆಸರು

ಸರ್ಕಾರದ ಕಪ್ಪುಪಟ್ಟಿಯಲ್ಲಿ ನೆವಿಲ್ ಪ್ರೌಸ್‌ನ ಕ್ಯಾರವಾನ್ ಪಾರ್ಕಿನ ವೆಬ್‌ಸೈಟ್ ಇದೆ ಎಂಬ ಸುದ್ದಿ ನಮ್ಮ ಕಡಲೂರು ತರಾವೀ ಪಾಯಿಂಟ್‌ಗೆ ಬಂದದ್ದು ಒಂದು ಗುರುವಾರ, ಬೇಕರಿಯ ಮೂಲಕ. ಶುಕ್ರವಾರ ಸಂಜೆಯ ಹೊತ್ತಿಗೆ ಊರಿಗೆಲ್ಲ ಗೊತ್ತಿತ್ತು. ಗೊತ್ತಿಲ್ಲದೆ ಉಳಿದವನು ನೆವಿಲ್ ಒಬ್ಬನೇ. ಅವನು ಪ್ರವಾಸಿಗರು ಗಾಡಿ ನಿಲ್ಲಿಸಿ ತಂಗುವ ತನ್ನ ಪಾರ್ಕಿನ ಸ್ನಾನದ ಮನೆಯಲ್ಲಿ ಸೋರುವ ಕೊಳಾಯಿ ಬಿಚ್ಚಿಕೊಂಡು ಕೂತಿದ್ದ.

ದೇಶದ ಪ್ರತಿ ಮನೆಯ ಇಂಟರ್ನೆಟ್ಟನ್ನೂ ಸೋಸಿ ಒಳಗೆ ಬಿಡಬೇಕೆಂದು ಸರ್ಕಾರ ಹೊರಟಿದ್ದ ಕಾಲ ಅದು. ಯಾವುದನ್ನು ತಡೆಯಬೇಕೆಂಬುದಕ್ಕೆ ಒಂದು ಪಟ್ಟಿಯಿತ್ತು, ಪಟ್ಟಿ ಗುಟ್ಟಿನದು. ಒಂದು ದಿನ ಅಂಥದ್ದೊಂದು ಪಟ್ಟಿ ಯಾವುದೋ ಪರದೇಶದ ಜಾಲತಾಣದಲ್ಲಿ ಬಯಲಾಯಿತು. ಇದು ನಮ್ಮದಲ್ಲ ಎಂದು ಸರ್ಕಾರ ಹೇಳಿತು. ಅದರಲ್ಲಿದ್ದ ವಿಳಾಸಗಳಲ್ಲಿ ಬಹುಪಾಲು ಮಕ್ಕಳನ್ನು ಹಿಂಸಿಸುವ ಹೊಲಸಿನವು. ಅವನ್ನು ತಡೆಯಬಾರದೆಂದು ನಮ್ಮೂರಲ್ಲಿ ಯಾರೂ ವಾದಿಸಲಿಲ್ಲ. ಬೇಕರಿಯವರ ಅಳಿಯ ಡ್ಯಾರಿಲ್ ತಮಾಷೆಗೆಂದು ಅದರೊಳಗೆ ಊರಿನ ಹೆಸರು ಹುಡುಕಿ ನೋಡಿದ. ಪಾರ್ಕಿನ ವಿಳಾಸದೊಳಗೆ ಸಿಕ್ಕಿಬಿಟ್ಟಿತು.

ನೆವಿಲ್‌ಗೆ ಆಗ ಅರವತ್ತು ದಾಟಿತ್ತು. ಹೆಂಡತಿ ತೀರಿಕೊಂಡಿದ್ದಳು. ಕಡಲ ಜೀವರಕ್ಷಕ ಕ್ಲಬ್ಬಿನಲ್ಲಿ ಅವನದು ಮೂವತ್ತು ವರ್ಷಗಳ ಸೇವೆ. ಬೇಸಿಗೆಯ ಭಾನುವಾರಗಳಂದು ಬೆಳಿಗ್ಗೆ ಊರಿನ ಮಕ್ಕಳಿಗೆಲ್ಲ ಕ್ಲಬ್ಬಿನವರು ಕಡಲಿನಲ್ಲಿ ಈಜುವುದನ್ನು ಕಲಿಸುತ್ತಾರೆ. ಆ ಮಕ್ಕಳಿಗೆ ನಿಪ್ಪರ್ಸ್ ಎಂದೇ ಹೆಸರು. ಮಕ್ಕಳು ನೀರಿಗಿಳಿಯಬೇಕಾದರೆ ಐದು ಮಕ್ಕಳಿಗೊಬ್ಬರಂತೆ ದೊಡ್ಡವರು ಕಿತ್ತಳೆ ಬಣ್ಣದ ಅಂಗಿ ತೊಟ್ಟು ನೀರಿನಲ್ಲಿ ಕಾವಲು ನಿಲ್ಲಬೇಕು. ಒಂಬತ್ತು ವರ್ಷದ ಒಳಗಿನ ಮಕ್ಕಳ ಕಾವಲಿಗೆ ಎದೆಮಟ್ಟದ ನೀರಿನಲ್ಲಿ, ಸೆಳೆತ ಶುರುವಾಗುವ ಅಂಚಿನಲ್ಲಿ ನಿಲ್ಲುತ್ತಿದ್ದವನು ನೆವಿಲ್. ವಾರದ ಉಳಿದ ದಿನಗಳನ್ನು ಆ ಒಂದು ಬೆಳಗಿಗಾಗಿ ಸಹಿಸಿಕೊಳ್ಳುತ್ತೇನೆ ಎಂದು ಒಮ್ಮೆ ಹೇಳಿದ್ದ. ಹಾಗೆಲ್ಲ ಮಾತಾಡುವ ಮನುಷ್ಯನಲ್ಲ. ಹೆಂಡತಿ ತೀರಿಕೊಂಡ ವರ್ಷ ಅವನು ಆಡಿದ ಮಾತು ಅದು.

ಸುದ್ದಿ ಕೊನೆಗೆ ಕಿವಿಗೆ ಬಿದ್ದಾಗ, ಪಟ್ಟಿಯಲ್ಲಿ ತನ್ನ ವಿಳಾಸ ಹೇಗೆ ಬಂದಿರಬಹುದೆಂದು ಅವನಿಗೆ ಗೊತ್ತಿತ್ತು. ಎರಡು ವರ್ಷದ ಹಿಂದೆ ಯಾರೋ ಕಳ್ಳದಾರಿಯಲ್ಲಿ ಅವನ ವೆಬ್‌ಸೈಟಿನೊಳಗೆ ನುಗ್ಗಿ, ಕ್ಯಾಬಿನ್ ಬಾಡಿಗೆಯ ಪುಟಗಳ ಕೆಳಗೆ ತಮ್ಮ ಹೊಲಸು ಪುಟಗಳನ್ನು ಅಡಗಿಸಿಟ್ಟಿದ್ದರು. ಕ್ವೀನ್ಸ್‌ಲ್ಯಾಂಡಿನ ಗಿರಾಕಿಯೊಬ್ಬ ಎಚ್ಚರಿಸಿದ ದಿನವೇ ನೆವಿಲ್ ಪೊಲೀಸರಿಗೆ ತಿಳಿಸಿ, ಇಡೀ ವೆಬ್‌ಸೈಟನ್ನೇ ಕೆಡವಿಸಿ ಹೊಸದಾಗಿ ಮಾಡಿಸಿದ್ದ. ಅಲ್ಲಿಗೆ ಮುಗಿಯಿತೆಂದುಕೊಂಡಿದ್ದ.

ಸೋಮವಾರ ಅವನು ಪಟ್ಟಿ ನೋಡಿಕೊಳ್ಳುವ ಸಿಡ್ನಿಯ ಸರ್ಕಾರಿ ಕಚೇರಿಗೆ ಫೋನ್ ಮಾಡಿದ. ಮೂರು ಕಡೆ ತಿರುಗಿಸಿದ ಮೇಲೆ ಒಬ್ಬಾಕೆ ಸಿಕ್ಕಳು. ನಡೆದದ್ದನ್ನೆಲ್ಲ ನೆವಿಲ್ ವಿವರಿಸಿದ. ಆಕೆ ಸಮಾಧಾನದಿಂದ ಕೇಳಿಸಿಕೊಂಡಳು.

"ನಿಮ್ಮ ವಿಳಾಸ ಪಟ್ಟೀಲಿದೆ ಅಂತ ನಾನು ಹೇಳೋ ಹಾಗಿಲ್ಲ ಸರ್. ಇಲ್ಲ ಅಂತಾನೂ ಹೇಳೋ ಹಾಗಿಲ್ಲ."

"ಸರಿ, ತೆಗೀರಿ ಅಂತ ಅರ್ಜಿ ಕೊಡ್ತೀನಿ."

"ಏನನ್ನ ತೆಗೆಯೋಕೆ ಸರ್?"

ವಿಳಾಸ ತಡೆಗೆ ಒಳಗಾದವರು ಮರುಪರಿಶೀಲನೆ ಕೇಳಬಹುದೆಂದೂ, ಆದರೆ ಒಳಗಾಗಿದ್ದೀರೆಂದು ಯಾರಿಗೂ ತಿಳಿಸುವ ಪದ್ಧತಿ ಇಲ್ಲವೆಂದೂ ಆಕೆ ವಿವರಿಸಿದಳು. ಕೊನೆಗೆ, ಇನ್ನೇನಾದರೂ ಸಹಾಯ ಬೇಕೇ ಎಂದು ಕೇಳಿದಳು.

ಆ ವಾರವೇ ಜನೀನ್ ಹಾರ್ಪ್ ಬಾಳೆಹಣ್ಣಿನ ಕೇಕ್ ಹಿಡಿದುಕೊಂಡು ಪಾರ್ಕಿಗೆ ಬಂದಳು. ನಿಪ್ಪರ್ಸ್ ಉಸ್ತುವಾರಿ ಅವಳದು. ಹವಾಮಾನ, ಪಾರ್ಕಿನ ವ್ಯಾಪಾರ ಎಲ್ಲ ಮಾತಾಡಿ ಮುಗಿಸಿದ ಮೇಲೆ, ಎಲ್ಲ ತಿಳಿಯಾಗುವವರೆಗೆ ನೆವಿಲ್ ನೀರಿಗಿಳಿಯದಿದ್ದರೆ ಒಳ್ಳೆಯದೆಂದು ಕೆಲವು ತಂದೆತಾಯಂದಿರು ಹೇಳುತ್ತಿದ್ದಾರೆ ಎಂದಳು. ಯಾರು ಎಂದು ನೆವಿಲ್ ಕೇಳಲಿಲ್ಲ. ಕಾರಣವನ್ನು ಬರೆದುಕೊಡಲು ಸಾಧ್ಯವೇ ಎಂದಷ್ಟೇ ಕೇಳಿದ. ಬರೆದರೆ ಆರೋಪ ಮಾಡಿದಂತಾಗುತ್ತದೆ, ನಾವು ನಿನ್ನ ಮೇಲೆ ಆರೋಪ ಮಾಡುತ್ತಿಲ್ಲವಲ್ಲ ಎಂದಳು ಜನೀನ್. ಆ ಬೇಸಿಗೆ ಮುಗಿಯಲು ಎರಡೇ ಭಾನುವಾರ ಉಳಿದಿದ್ದವು. ನೆವಿಲ್ ಒಪ್ಪಿಕೊಂಡ.

ಒಪ್ಪದವಳು ಕಾಲೀನ್ ಬ್ರಾಟನ್. ಕ್ಲಬ್ಬಿನ ಅಧ್ಯಕ್ಷೆ, ದೋಣಿಕಟ್ಟೆಯ ಬಳಿ ಗಾಳ ಮತ್ತು ಮೀನಿನ ಎರೆ ಮಾರುವ ಅಂಗಡಿ ಅವಳದು. ಅಂಗಡಿ ಮುಂದಿನ ಹೆಸರಿನ ಹಲಗೆ ಗೇಣಗಲ ರಸ್ತೆಗೆ ಚಾಚಿದೆಯೆಂದು ನಗರಸಭೆ ಅವಳಿಗೆ ದಂಡ ಹಾಕಿತ್ತು. ಕಡಲತೀರದ ಪಾರ್ಕಿಂಗಿನಲ್ಲಿ ಕ್ಯಾಮೆರಾ ಕೂರಿಸಿದ್ದರು. ಸ್ಪರ್ಧೆಯ ದಿನ ತಮ್ಮ ಮಕ್ಕಳ ಫೋಟೋ ತಾವೇ ತೆಗೆಯಲೂ ಅನುಮತಿ ಪತ್ರ ಬೇಕೆಂದಿದ್ದರು. ಇದಕ್ಕೆಲ್ಲ ಬೈಯುವುದು ನಮ್ಮೂರಿನವರಿಗೆ ಬೆಳಗಿನ ಕಾಫಿಯಷ್ಟೇ ರೂಢಿ. ಆದರೆ ಕಾಲೀನ್ ಬೈದು ಸುಮ್ಮನಾಗುವವಳಲ್ಲ. ಎರೆ ಕೊಳ್ಳಲು ಬಂದವರು ಇಂಟರ್ನೆಟ್ ಸೋಸುವುದರ ವಿರುದ್ಧದ ಮನವಿಪತ್ರಕ್ಕೆ ಸಹಿ ಹಾಕದೆ ಅಂಗಡಿಯಿಂದ ಹೊರಬೀಳುತ್ತಿರಲಿಲ್ಲ.

"ನಾಳೆ ಮೂಗು ಒರೆಸ್ಕೊಳ್ಳೋಕೂ ಲೈಸೆನ್ಸ್ ಮಾಡ್ಸು ಅಂತಾರೆ ಇವರು," ಎಂದು ನೆವಿಲ್‌ನನ್ನು ಅಂಗಡಿಗೆ ಕರೆಸಿಕೊಂಡು ಹೇಳಿದಳು. "ಕ್ಲಬ್ಬಲ್ಲಿ ಸಭೆ ಕರೀತೀನಿ, ನೀನು ಮಾತಾಡು ಕಣೋ. ನಿನ್ನಂಥ ಉದಾಹರಣೆ ನನಗೆ ಇನ್ನೆಲ್ಲಿ ಸಿಗುತ್ತೆ?"

"ಮಾತಾಡಿದ್ರೆ, ಗೊತ್ತಿಲ್ಲದವರಿಗೂ ಗೊತ್ತಾಗುತ್ತೆ."

"ಗೊತ್ತಾಗ್ಲಿ. ತಪ್ಪು ಮಾಡಿರೋರು ಅವರು, ನೀನ್ಯಾಕೆ ಬಚ್ಚಿಟ್ಕೋಬೇಕು?"

ಅವಳ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ನೆವಿಲ್ ಮಾತಾಡಿದ. ಕ್ಲಬ್ಬಿನ ಸಭಾಂಗಣದಲ್ಲಿ ಕುರ್ಚಿ ಸಾಲದೆ ಜನ ಮೆಟ್ಟಿಲ ಮೇಲೆ ಕೂತಿದ್ದರು. ಅವನು ಹೊಸ ಅಂಗಿ ತೊಟ್ಟು, ನಡೆದದ್ದನ್ನು ನಡೆದ ಕ್ರಮದಲ್ಲೇ ಹೇಳಿ, ಪೊಲೀಸ್ ಠಾಣೆಯಲ್ಲಿ ದೂರು ದಾಖಲಾದ ದಿನಾಂಕವನ್ನೂ ಓದಿ ಕೂತ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮೂಲೆಯಲ್ಲಿ ಒಬ್ಬ ತಾಯಿ ಅತ್ತಳು. ಟೀವಿಯವರು ಬಂದಿದ್ದರು. ಮರುದಿನ ರಾತ್ರಿಯ ವಾರ್ತೆಯಲ್ಲಿ ಅವನ ಮುಖ ಬಂತು, ಕೆಳಗೆ ಹೆಸರು ಬಂತು, ಹೆಸರಿನ ಪಕ್ಕದಲ್ಲಿ ಪಟ್ಟಿ ಯಾವುದರದ್ದು ಎಂಬ ವಿವರವೂ ಬಂತು. ವರದಿ ಅವನ ಪರವಾಗಿಯೇ ಇತ್ತು. ಆದರೆ ಅಂದಿನಿಂದ ನೆವಿಲ್ ಪ್ರೌಸ್ ಎಂದು ಕಂಪ್ಯೂಟರಿನಲ್ಲಿ ಯಾರೇ ಹುಡುಕಲಿ, ಮೊದಲು ಕಾಣುತ್ತಿದ್ದದ್ದು ಆ ಹೆಸರು ಮತ್ತು ಆ ವಿವರ, ಒಂದೇ ಸಾಲಿನಲ್ಲಿ.

ಭೂಮಿಯ ನಮ್ಮ ಈ ಭಾಗದಲ್ಲಿ ಬೇಸಿಗೆ ಬರುವ ಅಕ್ಟೋಬರ್ ಮತ್ತೆ ಶುರುವಾದಾಗಲೂ ಎಲ್ಲ ತಿಳಿಯಾಗಿರಲಿಲ್ಲ. ತಿಳಿಯಾಗುವುದೆಂದರೆ ಏನೆಂದು ಯಾರಿಗೂ ಗೊತ್ತಿರಲಿಲ್ಲ. ಆ ಇಡೀ ಬೇಸಿಗೆಯನ್ನು ನೆವಿಲ್ ಮರಳಿನ ಮೇಲೆ ಕಳೆದ. ಬೆಳಿಗ್ಗೆ ಬೇಗ ಬಂದು ಈಜುವ ಜಾಗದ ಗಡಿಗೆ ಬಾವುಟ ನೆಡುತ್ತಿದ್ದ. ಮಕ್ಕಳ ಈಜುಹಲಗೆಗಳನ್ನು ತೊಳೆದು ಜೋಡಿಸುತ್ತಿದ್ದ. ಕ್ಲಬ್ಬಿನ ಮುಂದಿನ ಒಲೆಯ ಮೇಲೆ ಸಾಸೇಜು, ಈರುಳ್ಳಿ ಹುರಿದು ಬ್ರೆಡ್ಡಿನೊಳಗಿಟ್ಟು ಕೊಡುತ್ತಿದ್ದ. ತಂದೆತಾಯಂದಿರು ಸಾಲಿನಲ್ಲಿ ಬಂದು, ನಿನಗೆ ಆದದ್ದು ಅನ್ಯಾಯ ಎಂದು ಹೇಳಿ, ಸಾಸ್ ಹಾಕಿಸಿಕೊಂಡು ಹೋಗುತ್ತಿದ್ದರು. ಒಂದು ವ್ಯತ್ಯಾಸ ಮಾತ್ರ ನಮಗೆಲ್ಲ ಕಂಡಿತ್ತು, ಯಾರೂ ಬಾಯಿಬಿಡಲಿಲ್ಲ: ಮೊದಲೆಲ್ಲ ಮಕ್ಕಳು ತಾವೇ ಓಡಿಬಂದು ಕೊಳ್ಳುತ್ತಿದ್ದವು, ಈಗ ಕೊಳ್ಳಲು ದೊಡ್ಡವರೇ ಬರುತ್ತಿದ್ದರು.

ಮರುವರ್ಷದ ಚಳಿಗಾಲದಲ್ಲಿ, ಚುನಾವಣೆ ಹತ್ತಿರ ಬಂದಾಗ, ಸರ್ಕಾರ ತನ್ನ ಯೋಜನೆಯನ್ನು ಪರಿಶೀಲನೆಯ ಹೆಸರಿನಲ್ಲಿ ಪಕ್ಕಕ್ಕಿಟ್ಟಿತು. ಕಾಲೀನ್ ಕ್ಲಬ್ಬಿನಲ್ಲಿ ಎಲ್ಲರಿಗೂ ಬಿಯರ್ ಕೊಡಿಸಿದಳು. ಕುರ್ಚಿ ಹತ್ತಿ ನಿಂತು, ಈ ಗೆಲುವು ನೆವಿಲ್‌ನದು ಎಂದಳು. ಎಲ್ಲರೂ ಗ್ಲಾಸು ಎತ್ತಿದರು. ನೆವಿಲ್ ಜನೀನ್‌ಳ ಪಕ್ಕಕ್ಕೆ ಹೋಗಿ, ಈ ಅಕ್ಟೋಬರಿಗೆ ತಾನು ನೀರಿಗಿಳಿಯಬಹುದೇ ಎಂದು ಮೆಲ್ಲಗೆ ಕೇಳಿದ. ಸಭೆಯಲ್ಲಿ ಹೆಸರು ಬರಲಿ, ನಮ್ಮ ಅಡ್ಡಿಯೇನಿಲ್ಲ ಎಂದಳು ಜನೀನ್. ಆ ರಾತ್ರಿ ಅವನು ಮೂರು ಗ್ಲಾಸು ಕುಡಿದ. ಹೆಂಡತಿ ಹೋದ ಮೇಲೆ ಅವನು ಅಷ್ಟು ಕುಡಿದದ್ದನ್ನು ನಾವು ನೋಡಿರಲಿಲ್ಲ.

ನಮ್ಮ ಕ್ಲಬ್ಬಿನಲ್ಲಿ ಹಿಂದಿನಿಂದ ಬಂದ ಪದ್ಧತಿಯೊಂದಿದೆ. ಬೇಸಿಗೆಯ ಆರಂಭದ ಸಭೆಯಲ್ಲಿ ಪ್ರತಿ ವಯಸ್ಸಿನ ಗುಂಪಿಗೂ ನೀರಿನ ಕಾವಲಿನವರನ್ನು ಆರಿಸುತ್ತಾರೆ. ಹೆಸರನ್ನು ಯಾರು ಬೇಕಾದರೂ ಸೂಚಿಸಬಹುದು. ಅನುಮೋದಿಸುವವರು ಮಾತ್ರ ಅದೇ ಗುಂಪಿನ ಮಗುವಿನ ತಂದೆಯೋ ತಾಯಿಯೋ ಆಗಿರಬೇಕು. ಬಹಳ ವರ್ಷಗಳಿಂದ ಅದು ಬಿಸ್ಕತ್ತು ಜಗಿಯುತ್ತಲೇ ಮುಗಿಸುವ ಶಾಸ್ತ್ರವಾಗಿತ್ತು. ನೆವಿಲ್‌ನ ಹೆಸರಂತೂ ಪೂರ್ತಿ ಹೇಳಿ ಮುಗಿಯುವ ಮೊದಲೇ ಅನುಮೋದನೆಯಾಗುತ್ತಿತ್ತು.

ಒಂಬತ್ತರ ಒಳಗಿನ ಗುಂಪಿನ ಸರದಿ ಬಂದಾಗ ಕಾಲೀನ್ ಅಧ್ಯಕ್ಷೆಯ ಕುರ್ಚಿಯಿಂದಲೇ ನೆವಿಲ್ ಪ್ರೌಸ್ ಎಂದು ಸೂಚಿಸಿ, ಕೆಳಗೆ ನೋಡಿಕೊಂಡು ಮುಂದಿನ ಹೆಸರಿಗೆ ಬೆರಳಿಟ್ಟಳು. ಯಾವ ಕೈಯೂ ಮೇಲೇಳಲಿಲ್ಲ. ಅವಳು ತಲೆ ಎತ್ತಿದಳು.

"ಅನುಮೋದಕರು?"

ಸಭೆಯಲ್ಲಿ ಆ ಗುಂಪಿನ ತಂದೆತಾಯಂದಿರು ಇಪ್ಪತ್ತು ಜನರಾದರೂ ಇದ್ದರು. ಅವರಲ್ಲಿ ಅವಳ ಮನವಿಪತ್ರಕ್ಕೆ ಸಹಿ ಹಾಕದವರು ಒಬ್ಬರೂ ಇರಲಿಲ್ಲ. ಒಬ್ಬಾಕೆ ಕೈಚೀಲದಲ್ಲಿ ಏನನ್ನೋ ಹುಡುಕತೊಡಗಿದಳು. ಗ್ಲೆನ್ ಶೀಲ್ಸ್ ತನ್ನ ಫೋನಿನ ಕಡೆ ನೋಡುತ್ತಿದ್ದ. ಗ್ಲೆನ್‌ನ ಅವಳಿ ಹೆಣ್ಣುಮಕ್ಕಳು ಆ ಗುಂಪಿನಲ್ಲಿದ್ದರು. ಗ್ಲೆನ್‌ಗೆ ಈಜು ಕಲಿಸಿದವನೇ ನೆವಿಲ್.

"ನನ್ನ ಮಕ್ಕಳು ದೊಡ್ಡವರಾಗೋದ್ರು. ಇಲ್ದಿದ್ರೆ ನಿಮ್ಮನ್ನ ಕೇಳ್ತಾನೂ ಇರಲಿಲ್ಲ ನಾನು," ಎಂದಳು ಕಾಲೀನ್. ಅವಳ ಕತ್ತು ಕೆಂಪಾಗಿತ್ತು. "ಮೊನ್ನೆ ಗ್ಲಾಸು ಎತ್ತಿದ ಕೈಗಳೆಲ್ಲ ಎಲ್ಲಿ ಹೋದ್ವು?"

ಹಿಂದಿನ ಸಾಲಿನಿಂದ ನೆವಿಲ್ ಎದ್ದು ನಿಂತ.

"ಅವರನ್ನ ಬಿಡು ಕಾಲೀನ್. ಮುಂದಿನ ಹೆಸರು ತಗೋ."

ನಡಾವಳಿ ಬರೆಯುತ್ತಿದ್ದ ಮರ್ಲ್ ಎಂಬ ಮುದುಕಿ ಪೆನ್ನು ಎತ್ತಿ ಹಿಡಿದು, ಇದನ್ನು ಬರೆಯಬೇಕೋ ಬೇಡವೋ ಎಂದು ಕೇಳಿದಳು. ಜನೀನ್ ಬೇಡವೆನ್ನುವಂತೆ ತಲೆಯಾಡಿಸಿದಳು.

"ಬರ್ಕೋ ಮರ್ಲ್," ಎಂದ ನೆವಿಲ್. "ಅನುಮೋದಕರಿಲ್ಲ ಅಂತ ಬರಿ. ಕಚೇರಿಯವರೂ ಬರೆದು ಕೊಡ್ಲಿಲ್ಲ, ಕ್ಲಬ್ಬಿನವರೂ ಕೊಡ್ಲಿಲ್ಲ. ಒಂದು ಕಡೆಯಾದ್ರೂ ಇರ್ಲಿ."

ಸಭೆ ಮುಗಿದ ಮೇಲೆ ಗ್ಲೆನ್ ಅವನ ಹಿಂದೆಯೇ ಪಾರ್ಕಿಂಗಿಗೆ ಹೋದ. ನಾನು ನನ್ನ ಕಾರಿನ ಬಾಗಿಲಲ್ಲಿದ್ದೆ. ಅವರಿಬ್ಬರೂ ದನಿ ತಗ್ಗಿಸಲಿಲ್ಲ.

"ನಿನ್ನ ಬಗ್ಗೆ ನನಗೆ ಒಂದು ಚೂರೂ ಅನುಮಾನ ಇಲ್ಲ ನೆವ್. ದೇವರಾಣೆಗೂ ಇಲ್ಲ."

"ಗೊತ್ತು ಕಣಪ್ಪ."

"ಆದ್ರೆ ನಾಳೆ ನಮ್ಮತ್ತೆ ಕೇಳ್ತಾಳೆ, ಸ್ಕೂಲಲ್ಲಿ ಯಾರೋ ಕೇಳ್ತಾರೆ. ಪಟ್ಟೀಲಿ ಹೆಸರಿತ್ತಲ್ಲ, ನೀನು ಹೇಗೆ ಒಪ್ಪಿದೆ ಅಂತಾರೆ. ಇಲ್ಲ ಅಂತ ತೋರಿಸೋಕೆ ನನ್ನ ಹತ್ರ ಏನಿದೆ ಹೇಳು. ಏನಾದ್ರೂ ಒಂದು ಇದ್ದಿದ್ರೆ, ಒಂದೇ ಒಂದು ಸಾಲು—"

"ನನ್ನ ಹತ್ರಾನೂ ಇಲ್ಲ," ಎಂದ ನೆವಿಲ್.

ಗ್ಲೆನ್ ಮಕ್ಕಳ ಪರೀಕ್ಷೆಯ ವಿಷಯ ಏನೋ ಹೇಳಿ ಹೊರಟುಹೋದ.

ಬೇಸಿಗೆಯ ಮೊದಲ ಭಾನುವಾರ ಕಡಲು ತಟ್ಟೆಯಂತೆ ಬಿದ್ದಿತ್ತು. ಒಂಬತ್ತರ ಒಳಗಿನ ಗುಂಪಿನಲ್ಲಿ ಆ ವರ್ಷ ಮಕ್ಕಳು ಹೆಚ್ಚು. ಎಣಿಸಿ ನೋಡಿದರೆ ಕಾವಲಿಗೆ ಒಬ್ಬರು ಕಡಿಮೆ. ಕಿತ್ತಳೆ ಅಂಗಿ ತೊಡಲು ತರಬೇತಿ ಮುಗಿಸಿದವರು ನೆವಿಲ್ ಬಿಟ್ಟರೆ ಬೇರೆ ಯಾರೂ ಇರಲಿಲ್ಲ. ಆ ಗುಂಪು ಇವತ್ತು ನೀರಿಗಿಳಿಯುವುದಿಲ್ಲ, ಮರಳಿನ ಮೇಲೆ ಓಟದ ಆಟ ಎಂದು ಜನೀನ್ ಕೂಗಿ ಹೇಳಿದಳು. ಮಕ್ಕಳ ಮುಖ ಬಾಡಿತು. ತಂದೆತಾಯಂದಿರು ಗೊಣಗತೊಡಗಿದರು. ಮೊಣಕಾಲುದ್ದ ನೀರಿಗೂ ಲೆಕ್ಕ ಹಾಕುತ್ತಾರೆ, ಈ ದೇಶದಲ್ಲಿ ಎಲ್ಲದಕ್ಕೂ ಒಂದು ನಿಯಮ, ಮಕ್ಕಳನ್ನು ಉಸಿರಾಡಲೂ ಬಿಡುವುದಿಲ್ಲ ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು. ಗ್ಲೆನ್ ಕೂಡ ಹೌದೆಂದ.

ಬಾವುಟ ನೆಟ್ಟು ಮುಗಿಸಿದ್ದ ನೆವಿಲ್ ಅವರ ಹಿಂದೆಯೇ ಇದ್ದ, ಕೈಯಲ್ಲಿ ಸುತ್ತಿಗೆಯಿತ್ತು. ಕಾಲೀನ್ ಏನೋ ಹೇಳಲು ಬಾಯಿ ತೆರೆದಳು. ಅವನು ಬೇಡವೆಂದು ತಲೆಯಾಡಿಸಿ, ಸುತ್ತಿಗೆಯನ್ನು ಅವಳ ಕೈಗಿತ್ತ.

"ಒಲೆ ಹಚ್ಚೋಕೆ ಇವತ್ತು ಯಾರಿಗಾದ್ರೂ ಹೇಳು," ಎಂದು ಹೇಳಿ ಮರಳು ದಾಟಿ ಮೆಟ್ಟಿಲು ಹತ್ತಿದ.

ಮುಂದಿನ ಭಾನುವಾರ ಅವನು ಬರಲಿಲ್ಲ. ಅದರ ಮುಂದಿನ ಭಾನುವಾರವೂ ಬರಲಿಲ್ಲ. ಬರಬೇಡವೆಂದು ಅವನಿಗೆ ಯಾರೂ ಹೇಳಿರಲಿಲ್ಲ.