ಒಳಗಿನವರು

ಮೇಜಿನ ಮೇಲಿದ್ದ ಕೋಟಿನ ಬಟ್ಟೆಯನ್ನು ಟೈಲರಿಂಗ್ ಅಂಗಡಿಯ ಮಾಲೀಕ ಎರಡೂ ಕೈಯಲ್ಲಿ ಎತ್ತಿ ಹಿಡಿದ. "ಹೊಲಿಗೆಗೆ ಅಂಚೇ ಬಿಟ್ಟಿಲ್ಲ! ಗೆರೆ ಮೇಲೇ ಕತ್ತರಿ ಆಡಿಸಿದ್ದೀಯ. ಸಾಯಂಕಾಲ ಗಿರಾಕಿಗೆ ಯಾವ ಮುಖ ತೋರಿಸ್ಲಿ? ನಾಳೆಯಿಂದ ಗುಂಡಿ ಹಾಕ್ಕೊಂಡಿರು, ಕತ್ತರಿ ಮುಟ್ಟಬೇಡ."

ಈ ಕತ್ತರಿ ಮೇಜಿಗೆ ಬರಲು ಕತ್ತರಿಸುವವಳು ಪಟ್ಟ ಪಾಡು ದೇವರಿಗೇ ಗೊತ್ತು. ಪಕ್ಕದ ಹೊಲಿಗೆ ಮಿಷಿನ್ನಿನಲ್ಲಿ ಕೂತಿದ್ದ ಅವಳ ಸ್ವಂತ ಅಕ್ಕ, ಸುಮ್ಮನಿರು ಎಂದು ಕಣ್ಣಲ್ಲೇ ಗದರಿದಳು. ಹೇಳಿದರೆ ಹುಚ್ಚಿ ಅಂತಾರೆ ಎಂದು ಚಿಕ್ಕಂದಿನಿಂದ ಬಾಯಿ ಮುಚ್ಚಿಸಿದವಳೂ ಆಕೆಯೇ. ಸಾಕಪ್ಪಾ ಸಾಕು, ಇನ್ನೆಷ್ಟು ಕಾಲ ಮುಚ್ಚಿಡುವುದು!

"ಗೆರೆ ಎಳೆದಿದ್ದು ದೊಡ್ಡವಳು ಸಾರ್, ಕತ್ತರಿಸಿದ್ದು ಚಿಕ್ಕವಳು. ಅಂಚು ಸೇರಿಸೇ ಎಳೆದಿದ್ದಾಳೆ ಅಂದ್ಕೊಂಡುಬಿಟ್ಲು. ಮಾತಾಡ್ತಿರೋಳು ನಾನು. ಈ ಒಂದು ಮೈಯಲ್ಲಿ ನಾವು ಮೂರು ಜನ."

ಮಾಲೀಕ ಬಟ್ಟೆ ಕೆಳಗಿಟ್ಟ. "ಡಾಕ್ಟರಿಗೆ ತೋರಿಸಿದ್ದೀಯೇನಮ್ಮ?"

"ತೋರಿಸ್ತಾನೇ ಇದ್ದೀವಿ. ಅವರು 'ಭಾಗಗಳು' ಅಂತಾರೆ. ನಾವೇನು ಕಾಲರ್ರಾ, ತೋಳಾ? ನಮ್ಮನ್ನ ನಾವು 'ಒಳಗಿನವರು' ಅಂತೀವಿ. ಯಾರು ಹೊರಗೆ ಬಂದು ಕೆಲಸ ಮಾಡ್ತಾಳೋ ಅವಳು 'ಮುಂದಿರೋಳು'. ನಿಮ್ಮ ಹಾಗೆ ಒಳಗೆ ಒಬ್ಬರೇ ಇರೋರು 'ಒಂಟಿಗಳು'."

"ನಾನು ಒಂಟೀನಾ? ಹೆಂಡ್ತಿ, ಅತ್ತೆ, ಮೂರು ಜನ ನಾದಿನಿಯರು ಮನೇಲಿ ಕೂತಿದ್ದಾರೆ! ಆ ಭಾಗ್ಯ ನನಗೆಲ್ಲಿ ಬರ್ಬೇಕು?"

ಅಂಗಡಿಗೆ ಅಂಗಡಿಯೇ ನಕ್ಕಿತು. ಮಾಲೀಕ ಮಾತ್ರ ಗಡ್ಡ ಕೆರೆದುಕೊಂಡು ಕೇಳಿದ, "ಸರಿ, ಈ ಕೋಟು ಉಳಿಸೋರು ನಿಮ್ಮ ಒಳಗಿನವರಲ್ಲಿ ಯಾರಾದ್ರೂ ಇದ್ದಾರಾ? ಕರಿ ನೋಡೋಣ."

ಅವಳು ಕಣ್ಣು ಮುಚ್ಚಿ ತೆರೆದಳು. ಬೆನ್ನು ನೆಟ್ಟಗಾಯಿತು, ದನಿ ಗಡುಸಾಯಿತು. "ಮಿಕ್ಕಿದ ಬಟ್ಟೆ ಇತ್ತ ಕೊಡಿ," ಎಂದಳು ದೊಡ್ಡವಳು. ಕೋಟು ಬಿಗಿಯಾಗದಂತೆ ಕಂಕುಳ ಕೆಳಗೆ ಪಟ್ಟಿ ಕೂಡಿಸಿ, ಇಸ್ತ್ರಿ ಒತ್ತಿ, ಗುರುತೇ ಸಿಗದ ಹಾಗೆ ಹೊಲಿದಳು. ಸಾಯಂಕಾಲ ಗಿರಾಕಿ ಕನ್ನಡಿಯೆದುರು ಕೈ ಬೀಸಿ ನೋಡಿ, "ಅಬ್ಬಾ, ಎಷ್ಟು ಸಲೀಸಾಗಿದೆ ರೀ!" ಎಂದ.

"ಇನ್ಮೇಲೆ ಗೆರೆ ಎಳೆದೋರೇ ಕತ್ತರಿಸಿ," ಎಂದು ಮಾಲೀಕ ಕತ್ತರಿಯನ್ನು ಅವಳ ಮೇಜಿನ ಮೇಲೇ ಇಟ್ಟುಹೋದ. ಗೆದ್ದುಬಿಟ್ಟಿದ್ದರು! ಖುಷಿಗೆ ಮೂವರಿಗೂ ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ಬೀದಿಗಿಳಿದ ಮೇಲೆ ಅಕ್ಕ ಮೆಲ್ಲಗೆ ಕೇಳಿದಳು, "ಬೈಸ್ಕೊಂಡಿದ್ದಕ್ಕೆ ಚಿಕ್ಕವಳು ಬೇಜಾರು ಮಾಡ್ಕೊಂಡ್ಲಾ?" ಅಕ್ಕ ಚಿಕ್ಕವಳ ಬಗ್ಗೆ ವಿಚಾರಿಸಿದ್ದು ಅದೇ ಮೊದಲು.

"ಇಲ್ಲೇ ಇದ್ದೀನಿ ಅಕ್ಕಾ!" ಎಂದಿತು ಎಳೆಯ ದನಿ. "ಬೇಜಾರೇನಿಲ್ಲ, ಹೊಟ್ಟೆ ಚುರುಗುಟ್ತಿದೆ."

ಅಕ್ಕ ನಡುಬೀದಿಯಲ್ಲೇ ಬಿದ್ದು ಬಿದ್ದು ನಕ್ಕಳು. ರಸ್ತೆ ದಾಟುವಾಗ, ಪುಟ್ಟ ಮಕ್ಕಳದ್ದು ಹಿಡಿಯುವ ಹಾಗೆ, ತಂಗಿಯ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಳು.