ಸುಜಾತಾಳ ಎಡಗೈ

ನಾನು ಸಾಫ್ಟ್‌ಬಾಲ್ ಆಟದ ಒಂದು ಚರ್ಮದ ಗ್ಲೌಸ್. ಹುಟ್ಟಿದ್ದು ಜಲಂಧರದ ಒಂದು ಕಾರ್ಖಾನೆಯಲ್ಲಿ. ಧಾರವಾಡಕ್ಕೆ ಬಂದಾಗ ಹಲಗೆಯಂತೆ ಬಿರುಸಾಗಿದ್ದೆ. ಸುಜಾತಾ ಕಮ್ಮಾರ ನನಗೆ ಎಣ್ಣೆ ಹಚ್ಚಿ, ನಡುವೆ ಚೆಂಡಿಟ್ಟು ಕಟ್ಟಿ, ದಿಂಬಿನಡಿ ಇಟ್ಟುಕೊಂಡು ಮಲಗಿ ನನ್ನನ್ನು ಮೆತ್ತಗೆ ಮಾಡಿದಳು. ಅವಳು ಕ್ಲಬ್ಬಿನ ಶಾರ್ಟ್‌ಸ್ಟಾಪ್. ಎರಡನೇ ಮತ್ತು ಮೂರನೇ ಬೇಸುಗಳ ನಡುವೆ ನುಗ್ಗಿ ಬರುವ ಚೆಂಡೆಲ್ಲ ನಮ್ಮಿಬ್ಬರ ಪಾಲು; ಹಿಡಿದ ಕೂಡಲೇ, ಓಡುವವಳು ಮುಟ್ಟುವ ಮೊದಲು, ಅದನ್ನು ಮೊದಲ ಬೇಸಿಗೆ ಎಸೆಯಬೇಕು. ನಾನು ಅವಳ ಎಡಗೈಯೇ ಆಗಿಬಿಟ್ಟಿದ್ದೆ.

ಆಮೇಲೆ ನವಲಗುಂದದಿಂದ ಶಬಾನಾ ನದಾಫ್ ಬಂದಳು. ಆಗಷ್ಟೇ ಕಾಲೇಜು ಸೇರಿದ ಹುಡುಗಿ. ನೆಲದ ಮೇಲೆ ಉರುಳಿ ಬರುವ ಚೆಂಡು ಹಿಡಿಯಲು ಬಾರದು. ಎಸೆದರೆ ಮಾತ್ರ ಗುಂಡು ಹೊಡೆದ ಹಾಗೆ. ಅವಳ ಬಳಿ ಗ್ಲೌಸ್ ಇರಲಿಲ್ಲ.

"ಸುಜಾತಾ, ನಿನ್ನ ಗ್ಲೌಸ್ ಆಕೀಗೆ ಕೊಡವಾ," ಎಂದರು ಕೋಚ್ ಬಡಿಗೇರ ಸರ್.

ಸುಜಾತಾ ಕೊಟ್ಟಳು. ಬೇರೆಯವರ ಬೆವರು ನನ್ನೊಳಗೆ ಇಳಿದದ್ದು ಅದೇ ಮೊದಲು. ನನಗೆ ಮೈಯೆಲ್ಲ ಉರಿಯಿತು. ಸರ್ ಈಗ ಶಬಾನಾಳನ್ನೇ ನೋಡುತ್ತಿದ್ದರು. ಚೆಂಡು ಮುಟ್ಟುವ ಮೊದಲೇ ಅವಳು ನನ್ನನ್ನು ನೆಲದಿಂದ ಎತ್ತಿಬಿಡುತ್ತಿದ್ದಳು; ಚೆಂಡು ಕಾಲ ಸಂದಿಯಿಂದ ಪಾರಾಗುತ್ತಿತ್ತು. ತಪ್ಪು ನನಗೆ ಗೊತ್ತಿತ್ತು. ಬೇಲಿಯ ಬಳಿ ಕೈಕಟ್ಟಿ ನಿಂತ ಸುಜಾತಾಳಿಗೂ ಗೊತ್ತಿತ್ತು. ಅವಳು ಬಾಯಿ ಬಿಡಲಿಲ್ಲ. ನನಗೆ ಒಳಗೊಳಗೇ ಹಿತವೆನಿಸಿತು.

ಜಿಲ್ಲಾ ತಂಡದ ಆಯ್ಕೆಯ ದಿನ ಬಂತು. ಶಾರ್ಟ್‌ಸ್ಟಾಪ್ ಜಾಗ ಒಂದೇ. ಮೊದಲು ಶಬಾನಾ ಆಡಿದಳು. ಚೆಂಡುಗಳು ಒಂದರ ಹಿಂದೊಂದು ತಪ್ಪಿದವು. ಆಮೇಲೆ ಸುಜಾತಾ ನನ್ನನ್ನು ತೊಟ್ಟಳು. ಬಂದದ್ದನ್ನೆಲ್ಲ ಹಿಡಿದೆವು. ಆದರೆ ಅವಳ ಎಸೆತ ಮೊದಲ ಬೇಸಿಗೆ ಮುಟ್ಟುವ ಮುನ್ನವೇ ನೆಲಕ್ಕೆ ಬೀಳುತ್ತಿತ್ತು. ಒಂದು ವರ್ಷದಿಂದ ಅವಳು ಭುಜದ ನೋವನ್ನು ಮುಚ್ಚಿಟ್ಟಿದ್ದಳು.

ಶಬಾನಾಳಿಗೆ ಇನ್ನೊಂದು ಅವಕಾಶವಿತ್ತು. ಸುಜಾತಾ ನನ್ನನ್ನು ಕಳಚಿ ಅವಳ ಕೈಗೆ ತಾನೇ ಹಾಕಿದಳು.

"ಚೆಂಡು ಬರೂದಕ್ಕ ಮೊದಲ ಕೈ ಎತ್ತತಿ. ನೆಲಕ್ಕ ಹಚ್ಚಿ ಇಡು. ಒಳಗ ಬಂದ ಮ್ಯಾಲ ಎತ್ತು."

"ಅಕ್ಕಾ, ಇದು ನಿಮಗ ಮೊದಲ ಗೊತ್ತಿತ್ತೇನ್ರಿ?"

"ಗೊತ್ತಿತ್ತು. ಹೊಟ್ಟಿಕಿಚ್ಚಿಗೆ ಹೇಳಲಿಲ್ಲ. ಹೋಗು, ಆಡು."

ಶಬಾನಾ ತನ್ನ ಜಾಗಕ್ಕೆ ಓಡಿದಳು. ಮುಂದಿನ ಚೆಂಡು ಬಿರುಸಾಗಿ ಬಂತು. ಅವಳು ನನ್ನನ್ನು ಮಣ್ಣಿಗೆ ಒತ್ತಿದಳು. ಚೆಂಡು ನನ್ನ ನಟ್ಟನಡುವೆ ಬಂದು ಕೂತಿತು. ಮರುಕ್ಷಣ ಮೊದಲ ಬೇಸಿನಲ್ಲಿತ್ತು. ಅಂಥ ಎಸೆತವನ್ನು ನಾನು ಕಂಡಿರಲಿಲ್ಲ. ಜಾಗ ಅವಳದಾಯಿತು. ನಾನೂ ಅವಳ ಕೈಯಲ್ಲೇ ಉಳಿದೆ.

ರಾಜ್ಯ ತಂಡ ಸೇರಿದಾಗ ಅವಳಿಗೆ ಹೊಸ ಗ್ಲೌಸ್ ಸಿಕ್ಕಿತು. ನಾನು ಸುಜಾತಾಳ ಮನೆಗೆ ಮರಳಿದೆ. ಅವಳು ಈಗ ಶಾಲೆಯಲ್ಲಿ ಆಟ ಕಲಿಸುತ್ತಾಳೆ. ನನ್ನ ಚರ್ಮ ಬಿರಿದಿದೆ, ದಾರ ಸಡಿಲಾಗಿದೆ. ಕಪಾಟಿನ ಮೇಲೆ ಕೂತಿದ್ದೇನೆ. ಪೇಪರಿನಲ್ಲಿ ಶಬಾನಾಳ ಫೋಟೊ ಬಂದಾಗ ಸುಜಾತಾ ಕತ್ತರಿಸಿ ಗೋಡೆಗೆ ಅಂಟಿಸುತ್ತಾಳೆ. ಅವಳ ಹೊಟ್ಟೆಕಿಚ್ಚು ಆ ಮೈದಾನದಲ್ಲೇ ಮುಗಿಯಿತು. ಅವಳು ಹುಡುಗಿಯ ಮುಖ ನೋಡಿ ನಗುತ್ತಾಳೆ.

ನಾನು ಮಾತ್ರ ಆ ಹುಡುಗಿಯ ಎಡಗೈಯಲ್ಲಿರುವ ಹೊಸ ಗ್ಲೌಸನ್ನೇ ನೋಡುತ್ತೇನೆ.